ಜಾಹೀರಾತು ಇಲ್ಲದೆ ಪತ್ರಿಕೆ ನಡೆಸಿದ ಮೇಷ್ಟ್ರು: ಪಿ. ಲಂಕೇಶ್ ಬದುಕು, ದೊಡ್ಡ ಹಾಳೆ–ಚಿಕ್ಕ ಹಾಳೆಯ ಕಥೆ

ಗಂಡಸಿ: ಹ್ಯಾಂಡ್‌ಪೋಸ್ಟ್‌ನ ಹೋಟೆಲ್‌ನಲ್ಲಿ ಬೆಳಿಗ್ಗೆ ಪೇಪರ್ ಓದೋರನ್ನ ಗಮನಿಸಿ. ದಿನಪತ್ರಿಕೆ ಪೂರ್ತಿ ಬಿಚ್ಚಿದರೆ ಪಕ್ಕದವರ ಕಾಫಿ ಲೋಟಕ್ಕೆ ತಾಗುತ್ತೆ. ಅದಕ್ಕೇ ಮಧ್ಯದ ಹಾಳೆ ಒಬ್ಬರಿಗೆ, ಕ್ರೀಡೆ ಪುಟ ಇನ್ನೊಬ್ಬರಿಗೆ, ಕೊಬ್ಬರಿ ರೇಟು ಇರೋ ಪುಟ ಮತ್ತೊಬ್ಬರಿಗೆ ಅಂತ ಹಂಚಿಕೆ ಆಗುತ್ತೆ. ವಾರಪತ್ರಿಕೆ ಹಿಡಿದವರಿಗೆ ಆ ತಾಪತ್ರಯ ಇಲ್ಲ. ಬಸ್ ಸೀಟಲ್ಲೂ ಓದಬಹುದು, ಕಟಿಂಗ್ ಶಾಪ್‌ನ ಬೆಂಚಿನ ಮೇಲೂ ಓದಬಹುದು.

ದೊಡ್ಡದಕ್ಕೆ ಬ್ರಾಡ್‌ಶೀಟ್ ಅಂತಾರೆ, ಅದರ ಅರ್ಧದ್ದಕ್ಕೆ ಟ್ಯಾಬ್ಲಾಯ್ಡ್ ಅಂತಾರೆ. ಬ್ರಾಡ್‌ಶೀಟಿನ ಒಂದು ಪುಟ ಹೆಚ್ಚುಕಮ್ಮಿ 22 ಇಂಚು ಉದ್ದ. ಅದನ್ನ ಅಡ್ಡಕ್ಕೆ ಮಡಿಸಿದರೆ ಟ್ಯಾಬ್ಲಾಯ್ಡಿನ ಅಳತೆ. ಅಂದರೆ 8 ಪುಟದ ದಿನಪತ್ರಿಕೆಗೆ ಬೇಕಾಗೋ ಕಾಗದದಲ್ಲೇ 16 ಪುಟದ ಟ್ಯಾಬ್ಲಾಯ್ಡ್ ಆಗುತ್ತೆ. ಕಾಗದ ಅದೇ, ಶಾಯಿ ಅದೇ. ರದ್ದಿಗೆ ಹಾಕಿದರೆ ತಕ್ಕಡಿಯಲ್ಲಿ ಎರಡಕ್ಕೂ ಒಂದೇ ರೇಟು.

ಆದರೂ ಟ್ಯಾಬ್ಲಾಯ್ಡ್ ಅಂದ ತಕ್ಷಣ ನಮ್ಮ ಅಂಗಡಿಯವರ ಮುಖ ಬದಲಾಗುತ್ತೆ. ಕೆಲವರು ನಗುತ್ತಾರೆ, ಕೆಲವರು ಯಾರಿಗಪ್ಪಾ ಈ ವಾರ ಗ್ರಹಚಾರ ಅಂತ ಕೇಳ್ತಾರೆ. ಈ ಹೆಸರಿಗೆ ಕನ್ನಡದಲ್ಲಿ ಮೊದಲು ಗೌರವ ತಂದವರು, ಭಯವನ್ನೂ ತಂದವರು ಒಬ್ಬ ಇಂಗ್ಲಿಷ್ ಮೇಷ್ಟ್ರು. ಅವರೇ ಪಿ. ಲಂಕೇಶ್. ಜನವರಿ 25 ಅವರು ತೀರಿಕೊಂಡ ದಿನ. ಕಾಲು ಶತಮಾನ ದಾಟಿತು. ಅವರ ಪತ್ರಿಕೆಯ ಹೆಸರು ಕೇಳಿದ, ಆದರೆ ಅವರ ಬದುಕು ಗೊತ್ತಿಲ್ಲದ ನನ್ನ ವಯಸ್ಸಿನವರಿಗಾಗಿ ಈ ಬರಹ.

ಕೊನಗವಳ್ಳಿಯಿಂದ ಕಾಲೇಜಿಗೆ

ಅರಸೀಕೆರೆ ಸ್ಟೇಷನ್‌ನಲ್ಲಿ ರೈಲು ಹತ್ತಿ ಬೀರೂರಿನಲ್ಲಿ ದಾರಿ ಬದಲಾದರೆ ಶಿವಮೊಗ್ಗ. ಆ ಜಿಲ್ಲೆಯ ಕೊನಗವಳ್ಳಿ ಅನ್ನೋ ಹಳ್ಳಿಯಲ್ಲಿ 1935ರ ಮಾರ್ಚ್ 8ರಂದು ಲಂಕೇಶ್ ಹುಟ್ಟಿದರು. ರೈತರ ಮನೆ. ಹೊಲ, ಹಟ್ಟಿ, ದನ ಕರು ನೋಡಿಕೊಂಡು ಬೆಳೆದ ಹುಡುಗ. ತಾಯಿಯ ದುಡಿಮೆಯನ್ನ ಹತ್ತಿರದಿಂದ ಕಂಡಿದ್ದಕ್ಕೇ ಮುಂದೆ 'ಅವ್ವ' ಅನ್ನೋ ಪದ್ಯ ಬರೆದರು. ಕನ್ನಡ ಓದಿದವರಲ್ಲಿ ಆ ಪದ್ಯ ಗೊತ್ತಿಲ್ಲದವರು ಕಡಿಮೆ.

ಹಳ್ಳಿ ಶಾಲೆ, ಆಮೇಲೆ ಶಿವಮೊಗ್ಗ, ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದರು. ನಂತರ ಬೆಂಗಳೂರಿಗೆ ಬಂದರು. ಪಾಠ ಇಂಗ್ಲಿಷಿನದ್ದು, ಬರವಣಿಗೆ ಕನ್ನಡದ್ದು. 1963ರಲ್ಲಿ ಮೊದಲ ಕಥಾ ಸಂಕಲನ, 1967ರಲ್ಲಿ 'ಬಿರುಕು' ಕಾದಂಬರಿ. ಬಸವಣ್ಣ, ಬಿಜ್ಜಳರ ಕಾಲದ ಕಥೆ ಇಟ್ಟುಕೊಂಡು 'ಸಂಕ್ರಾಂತಿ' ನಾಟಕ. ಕಾಲೇಜಿನ ಮೇಷ್ಟ್ರ ಕೆಲಸ ಬಿಟ್ಟ ಮೇಲೂ ಜನ ಅವರನ್ನ ಕೊನೇತನಕ ಮೇಷ್ಟ್ರು ಅಂತಲೇ ಕರೆದರು.

ಸಿನಿಮಾದವರಿಗೂ ಅವರು ಗೊತ್ತು. 1970ರ 'ಸಂಸ್ಕಾರ'ದಲ್ಲಿ ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿಯೋ ನಾರಣಪ್ಪನ ಪಾತ್ರ ಮಾಡಿದವರು ಇವರೇ. ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯ. ಆಮೇಲೆ ತಾವೇ ನಿರ್ದೇಶನಕ್ಕೆ ಇಳಿದು 1976ರಲ್ಲಿ 'ಪಲ್ಲವಿ' ತೆಗೆದರು. ಅದಕ್ಕೆ ಅತ್ಯುತ್ತಮ ನಿರ್ದೇಶಕ ಅಂತ ರಾಷ್ಟ್ರಪ್ರಶಸ್ತಿ ಬಂತು. ಇಷ್ಟಕ್ಕೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಸಂಬಳ ಬರೋ ಕೆಲಸ ಬಿಟ್ಟು, 45ನೇ ವಯಸ್ಸಿನಲ್ಲಿ ಪತ್ರಿಕೆ ಮಾಡೋಕೆ ಹೊರಟರು. ಮನೆಯಲ್ಲಿ ಮೂರು ಮಕ್ಕಳು. ಹೆಂಡತಿ ಇಂದಿರಾ ಸೀರೆ ವ್ಯಾಪಾರ ಮಾಡುತ್ತಾ ಸಂಸಾರಕ್ಕೆ ಹೆಗಲು ಕೊಟ್ಟಿದ್ದರು. ಅಂಗಡಿ ಇಟ್ಟವರಿಗೆ ಇದರ ಅರ್ಥ ಬೇಗ ಆಗುತ್ತೆ.

ದೊಡ್ಡ ಹಾಳೆ ಬಿಟ್ಟು ಚಿಕ್ಕ ಹಾಳೆಗೆ

ಆಗ ಕನ್ನಡದಲ್ಲಿ ಪತ್ರಿಕೆ ಅಂದರೆ ಬ್ರಾಡ್‌ಶೀಟ್. 'ಪ್ರಜಾವಾಣಿ' 1948ರಿಂದ ಬರ್ತಿತ್ತು. ಹುಬ್ಬಳ್ಳಿ ಕಡೆ 'ಸಂಯುಕ್ತ ಕರ್ನಾಟಕ'. 'ಕನ್ನಡಪ್ರಭ' 1967ರಲ್ಲಿ, ಮಣಿಪಾಲದ 'ಉದಯವಾಣಿ' 1970ರಲ್ಲಿ ಬಂದವು. ಈ ಪತ್ರಿಕೆಗಳನ್ನ ಕಡೆಗಣಿಸಿ ಮಾತಾಡೋದು ತಪ್ಪು. ನಮ್ಮ ತಾತಂದಿರು ಅಕ್ಷರ ಕೂಡಿಸಿ ಓದೋದು ಕಲಿತದ್ದೇ ಇವುಗಳಿಂದ. ಮಳೆ, ಮಾರುಕಟ್ಟೆ ದರ, ಪರೀಕ್ಷೆ ಫಲಿತಾಂಶ, ಟೆಂಡರ್, ನಿಧನ ವಾರ್ತೆ ಎಲ್ಲವೂ ದಿನಾ ಬೆಳಿಗ್ಗೆ ಮನೆ ಬಾಗಿಲಿಗೆ ಬರಬೇಕು ಅಂದರೆ ದೊಡ್ಡ ಹಾಳೆಯೇ ಬೇಕು. ಅಲ್ಲಿ ವರದಿಗಾರ ಬರೆದಿದ್ದನ್ನ ಉಪಸಂಪಾದಕರು ತಿದ್ದುತ್ತಾರೆ, ಅವರ ಮೇಲೆ ಇನ್ನೊಬ್ಬರು ನೋಡುತ್ತಾರೆ. ಒಬ್ಬರ ಸಿಟ್ಟು ಹಾಗೆ ಹಾಗೇ ಅಚ್ಚಿಗೆ ಹೋಗಲ್ಲ. ಲಂಕೇಶರೂ 'ಪ್ರಜಾವಾಣಿ'ಗೆ ಕೆಲಕಾಲ ಅಂಕಣ ಬರೆದಿದ್ದರು. ದೊಡ್ಡ ಪತ್ರಿಕೆಯ ಶಕ್ತಿ ಏನು, ಮಿತಿ ಏನು ಅಂತ ಒಳಗಿನಿಂದ ಕಂಡಿದ್ದರು.

1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುವಾಯಿತು. ಟ್ಯಾಬ್ಲಾಯ್ಡ್ ಅಳತೆಯ ವಾರಪತ್ರಿಕೆ. ಆ ಕಾಲ ಎಂಥದ್ದು ಅಂದರೆ, ಆರ್. ಗುಂಡೂರಾವ್ ಅದೇ ವರ್ಷ ಜನವರಿಯಲ್ಲಿ ಮುಖ್ಯಮಂತ್ರಿ ಆಗಿದ್ದರು. ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಅದರ ಬೆನ್ನಿಗೇ ರಾಜ್ಯ ರೈತ ಸಂಘ ಹುಟ್ಟಿತು. 1982ರಲ್ಲಿ ಗೋಕಾಕ್ ಚಳವಳಿ. ದಲಿತ ಸಂಘರ್ಷ ಸಮಿತಿ ಊರೂರಿಗೆ ಹೋಗುತ್ತಿತ್ತು. ಹಳ್ಳಿಯಿಂದ ಬಂದು ಕಾಲೇಜು ಓದಿದ ಮೊದಲ ತಲೆಮಾರು ತಮ್ಮ ಮಾತು ಎಲ್ಲಾದರೂ ಅಚ್ಚಾಗುತ್ತಾ ಅಂತ ಕಾಯ್ತಿತ್ತು. ಆ ಹುಡುಗ ಹುಡುಗಿಯರ ಕೈಗೆ ಈ ಚಿಕ್ಕ ಹಾಳೆ ಸಿಕ್ಕಿತು. ಜಾಣ ಜಾಣೆಯರ ಪತ್ರಿಕೆ ಅಂತ ಹೆಸರೂ ಬಿತ್ತು. ಬರೀ ಜಾಣರಲ್ಲ, ಜಾಣೆಯರೂ ಓದ್ತಾರೆ ಅನ್ನೋದನ್ನ ಆಗಲೇ ಲೆಕ್ಕಕ್ಕೆ ಹಿಡಿದಿದ್ದರು.

ಟ್ಯಾಬ್ಲಾಯ್ಡ್ ಅನ್ನೋ ಮಾತೇ ಮೊದಲು ಪತ್ರಿಕೆಯದ್ದಲ್ಲ. ಲಂಡನ್ನಿನ ಬರೋಸ್ ವೆಲ್ಕಂ ಅನ್ನೋ ಔಷಧಿ ಕಂಪನಿ 1884ರಲ್ಲಿ ತನ್ನ ಒತ್ತಿ ಮಾಡಿದ ಮಾತ್ರೆಗಳಿಗೆ ಇಟ್ಟ ವ್ಯಾಪಾರದ ಹೆಸರು ಅದು. ಪುಡಿಯನ್ನ ಒತ್ತಿ ಚಿಕ್ಕ ಮಾತ್ರೆ ಮಾಡೋ ಹಾಗೆ ಸುದ್ದಿಯನ್ನ ಒತ್ತಿ ಚಿಕ್ಕದಾಗಿ ಕೊಡೋ ಪತ್ರಿಕೆಗೂ ಆಮೇಲೆ ಅದೇ ಹೆಸರು ಅಂಟಿತು. ಲಂಕೇಶ್ ಮಾಡಿದ್ದು ಇದಕ್ಕೆ ಉಲ್ಟಾ. ಹಾಳೆ ಚಿಕ್ಕದು, ಆದರೆ ಬರಹ ಉದ್ದ. ಒಂದೇ ವಿಷಯ ಹಿಡಿದು ಪುಟಗಟ್ಟಲೆ ಬರೆಯೋರು. ಒಂದು ಪುಟದಲ್ಲಿ ಮಂತ್ರಿಯ ಹಗರಣ ಇದ್ದರೆ ಪಕ್ಕದಲ್ಲಿ ಕಥೆ, ಇನ್ನೊಂದು ಕಡೆ ವಿದೇಶಿ ಕವಿಯ ಬಗ್ಗೆ ಲೇಖನ, ಮೂಲೆಯಲ್ಲಿ 'ನೀಲು' ಅನ್ನೋ ಹೆಣ್ಣಿನ ದನಿಯ ನಾಲ್ಕು ಸಾಲಿನ ಪದ್ಯ. ಅವರ 'ಟೀಕೆ ಟಿಪ್ಪಣಿ' ಅಂಕಣಕ್ಕಾಗಿಯೇ ಪತ್ರಿಕೆ ಕೊಳ್ಳೋರು ಇದ್ದರು.

ಅಳತೆಯಿಂದ ಗುಣ ಹೇಳೋಕಾಗಲ್ಲ ಅನ್ನೋದಕ್ಕೆ ದೂರದ ಒಂದು ಉದಾಹರಣೆ. ಲಂಡನ್ನಿನ ಹಳೇ ಗಂಭೀರ ಪತ್ರಿಕೆ 'ದಿ ಟೈಮ್ಸ್' 2004ರಲ್ಲಿ ದೊಡ್ಡ ಹಾಳೆ ಬಿಟ್ಟು ಚಿಕ್ಕ ಹಾಳೆಗೆ ಬಂತು. ಆದರೂ ತನ್ನನ್ನ ಟ್ಯಾಬ್ಲಾಯ್ಡ್ ಅಂತ ಕರೆದುಕೊಳ್ಳಲಿಲ್ಲ, ಕಾಂಪ್ಯಾಕ್ಟ್ ಅಂತ ಬೇರೆ ಹೆಸರು ಇಟ್ಟುಕೊಂಡಿತು. ಹೆಸರಿಗೆ ಹತ್ತಿದ ಮಸಿ ಅಷ್ಟಿತ್ತು.

ದುಡ್ಡು ಕೊಡೋರು ಯಾರು

ಲಂಕೇಶರ ಪತ್ರಿಕೆಯ ನಿಜವಾದ ವಿಶೇಷ ಅಳತೆ ಅಲ್ಲ. ಅದರಲ್ಲಿ ಜಾಹೀರಾತು ಇರಲಿಲ್ಲ. ಸೋಪಿನದ್ದೂ ಇಲ್ಲ, ಸರ್ಕಾರದ್ದೂ ಇಲ್ಲ, ಹುಟ್ಟುಹಬ್ಬದ ಶುಭಾಶಯವೂ ಇಲ್ಲ.

ಇದು ಎಷ್ಟು ಕಷ್ಟ ಅಂತ ವ್ಯಾಪಾರಸ್ಥರಿಗೆ ಲೆಕ್ಕ ಹೇಳಿದರೆ ತಿಳಿಯುತ್ತೆ. ದಿನಪತ್ರಿಕೆಗೆ ನಾವು ಕೊಡೋ ಬೆಲೆಯಲ್ಲಿ ಏಜೆಂಟರ ಕಮಿಷನ್ ಹೋಗುತ್ತೆ, ಬಂಡಲ್ ತರೋ ವ್ಯಾನಿನ ಬಾಡಿಗೆ ಹೋಗುತ್ತೆ. ಉಳಿದದ್ದರಲ್ಲಿ ಕಾಗದದ ಖರ್ಚು ಹುಟ್ಟೋದೇ ಕಷ್ಟ, ಸಂಬಳದ ಮಾತು ಆಮೇಲೆ. ಆ ಕೊರತೆ ತುಂಬೋದು ಜಾಹೀರಾತು. ಅದನ್ನ ಸೆಂಟಿಮೀಟರ್ ಲೆಕ್ಕದಲ್ಲಿ ಮಾರ್ತಾರೆ. ಹಾಳೆ ದೊಡ್ಡದಿದ್ದಷ್ಟೂ ಮಾರೋ ಜಾಗ ಚೆನ್ನಾಗಿ ಕಾಣುತ್ತೆ. ಬ್ರಾಡ್‌ಶೀಟಿನ ಮುಖಪುಟ ಅಂದರೆ ಪೇಟೆ ಬೀದಿಯ ಮೂಲೆ ಅಂಗಡಿ ಇದ್ದ ಹಾಗೆ, ಬಾಡಿಗೆ ಜಾಸ್ತಿ. ಕಂಪನಿಗಳ ಜೊತೆಗೆ ಸರ್ಕಾರವೂ ವಾರ್ತಾ ಇಲಾಖೆ ಮೂಲಕ ದೊಡ್ಡ ಗಿರಾಕಿ. ಗಿರಾಕಿ ಮುನಿಸಿಕೊಂಡರೆ ಏನಾಗುತ್ತೆ ಅಂತ ಅಂಗಡಿಯವರಿಗೆ ನಾನು ಹೇಳಬೇಕಾಗಿಲ್ಲ.

ಲಂಕೇಶ್ ಈ ಕೊಂಡಿಯನ್ನೇ ಕತ್ತರಿಸಿದರು. ಗಾಂಧೀಜಿ ತಮ್ಮ ಪತ್ರಿಕೆಗಳಿಗೆ ಜಾಹೀರಾತು ಬೇಡ ಅಂದಿದ್ದು ಅವರ ಮುಂದೆ ಇತ್ತು. ಪತ್ರಿಕೆ ನಡೆಯಬೇಕಾದರೆ ಓದುಗರು ಕೊಡೋ ಕಾಸಿನಿಂದಲೇ ನಡೆಯಬೇಕು. ಈ ವಾರ ಚೆನ್ನಾಗಿಲ್ಲ ಅಂದರೆ ಮುಂದಿನ ವಾರ ಜನ ಕೊಳ್ಳಲ್ಲ, ಅಷ್ಟೇ. ದಿನಾ ಬರೋಕೆ ಆಗದಿದ್ದರೂ ವಾರಕ್ಕೊಮ್ಮೆ, ಕಡಿಮೆ ಪುಟ, ಕಡಿಮೆ ಜನ, ಬಸವನಗುಡಿಯಲ್ಲಿ ಒಂದು ಆಫೀಸು. ಚಿಕ್ಕ ಹಾಳೆ ಅವರಿಗೆ ಒಗ್ಗಿದ್ದು ಈ ಕಾರಣಕ್ಕೆ. ಮಾರೋಕೆ ಜಾಹೀರಾತಿನ ಜಾಗವೇ ಇಲ್ಲ ಅಂದಮೇಲೆ ದೊಡ್ಡ ಹಾಳೆ ಯಾತಕ್ಕೆ?

ಇದರಿಂದ ಬಂದ ಧೈರ್ಯ ಎಲ್ಲರಿಗೂ ಕಾಣಿಸಿತು. ಗುಂಡೂರಾವ್ ಸರ್ಕಾರವನ್ನ ವಾರವಾರ ತರಾಟೆಗೆ ತಗೊಂಡರು. 1983ರ ಜನವರಿಯಲ್ಲಿ ಆ ಸರ್ಕಾರ ಬಿದ್ದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ಅದರಲ್ಲಿ ಪತ್ರಿಕೆಯ ಪಾಲೂ ಇತ್ತು ಅಂತ ಈಗಲೂ ಹೇಳೋರಿದ್ದಾರೆ. ಹಾಗಂತ ಹೊಸಬರನ್ನ ಹೊಗಳ್ತಾ ಕೂರಲಿಲ್ಲ. ಹೆಗಡೆಯವರನ್ನೂ ಬಿಡಲಿಲ್ಲ, ಮುಂದೆ ಬಂಗಾರಪ್ಪನವರನ್ನೂ ಬಿಡಲಿಲ್ಲ. ಬಂಗಾರಪ್ಪ ಅವರದ್ದೇ ಜಿಲ್ಲೆಯವರು ಅನ್ನೋದನ್ನ ನೆನಪಿಡಿ.

ಹಾಸನದಿಂದ ಬರೆದವರು

ನಮ್ಮ ಜಿಲ್ಲೆಗೂ ಈ ಪತ್ರಿಕೆಗೂ ಒಂದು ದೊಡ್ಡ ನಂಟು ಇದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ 1980ರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಯ ವರದಿಗಾರರಾಗಿದ್ದರು. ಆಗಿನ ಕಾಲಕ್ಕೆ ಜಿಲ್ಲಾ ಕೇಂದ್ರದಲ್ಲಿ ಒಬ್ಬ ಹೆಣ್ಣುಮಗಳು, ಅದೂ ಮುಸ್ಲಿಂ ಮನೆಯವರು, ನೋಟ್‌ಬುಕ್ ಹಿಡಿದು ಸುದ್ದಿಗೆ ಹೋಗೋದು ಸಣ್ಣ ಮಾತಲ್ಲ. ಮುಂದೆ ಅವರು ವಕೀಲರಾದರು, ಕಥೆಗಳಿಂದ ಲೋಕಕ್ಕೇ ಗೊತ್ತಾದರು.

ಅವರೊಬ್ಬರೇ ಅಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿದ್ದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದದ್ದು ಇದರಲ್ಲೇ. ತಲಾಖ್ ವಿಷಯ ಮುಟ್ಟಿದ ಆ ಬರಹವನ್ನ ಅಷ್ಟು ಸಲೀಸಾಗಿ ಬೇರೆ ಯಾರು ಹಾಕುತ್ತಿದ್ದರೋ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಬರೆದರು. ಸಾಹಿತಿಗಳ ಬಳಗದಲ್ಲಿ ಹೆಸರೇ ಕೇಳದ ತಾಲ್ಲೂಕು ಮಟ್ಟದ ಎಷ್ಟೋ ಜನ ಬರೆದರು. ಊರಿನ ಸುದ್ದಿ ಬರೆಯೋಕೆ ಊರಲ್ಲೇ ಇರೋರು ಸಾಕು, ಅವರಿಗೆ ಕಣ್ಣು ಮತ್ತು ಭಾಷೆ ಇದ್ದರೆ ಆಯ್ತು ಅನ್ನೋ ನಂಬಿಕೆ ಮೇಷ್ಟ್ರದ್ದು. ಡಿಗ್ರಿ ಅರ್ಧಕ್ಕೆ ಬಿಟ್ಟು ಮೊಬೈಲ್‌ನಲ್ಲಿ ಸುದ್ದಿ ಟೈಪ್ ಮಾಡೋ ನನ್ನಂಥವರಿಗೆ ಇದು ಬಹಳ ಹತ್ತಿರದ ಮಾತು.

ತಪ್ಪುಗಳೂ ಇದ್ದವು

ದೊಡ್ಡವರ ಬದುಕು ಬರೆಯುವಾಗ ಬರೀ ಹಾರ ಹಾಕೋದು ಸರಿಯಲ್ಲ. ಟ್ಯಾಬ್ಲಾಯ್ಡಿನ ಕೆಟ್ಟ ಗುಣಗಳೂ ಈ ಪತ್ರಿಕೆಯಲ್ಲಿ ಇದ್ದವು. ಮಂತ್ರಿಗಳ ಹೆಸರನ್ನ ಮೊಟಕು ಮಾಡಿ ಅಡ್ಡಹೆಸರಲ್ಲಿ ಕರೆಯೋರು. ಓದೋಕೆ ಮಜಾ, ಆದರೆ ಎದುರಿಗಿರೋರೂ ಮನುಷ್ಯರು. ಸಾಹಿತಿಗಳ ಮೇಲೆ, ಹಳೇ ಸ್ನೇಹಿತರ ಮೇಲೂ ಖಾರವಾಗಿ ಬರೆದು ಸಂಬಂಧ ಕೆಡಿಸಿಕೊಂಡರು. ಅಷ್ಟೂ ಪತ್ರಿಕೆ ಒಬ್ಬರ ಹೆಸರಲ್ಲಿ, ಒಬ್ಬರ ಮನಸ್ಸಿನ ಮೇಲೆ ನಿಂತಿತ್ತು. ಮೇಷ್ಟ್ರು ಮೆಚ್ಚಿದರೆ ಮೇಲೆ, ಮುನಿದರೆ ಕೆಳಗೆ. ದೊಡ್ಡ ಪತ್ರಿಕೆಯಲ್ಲಿ ತಿದ್ದೋಕೆ ನಾಲ್ಕು ಜನ ಇರ್ತಾರೆ ಅಂದೆನಲ್ಲ, ಆ ಅನುಕೂಲ ಇಲ್ಲಿ ಇರಲಿಲ್ಲ.

ಮಾನನಷ್ಟ ಮೊಕದ್ದಮೆಗಳೂ ಬಿದ್ದವು. ಇಂಥ ಕೇಸಿನ ತೊಂದರೆ ಏನಂದ್ರೆ, ತೀರ್ಪು ಬರೋದು ಆಮೇಲೆ, ಊರೂರು ಕೋರ್ಟಿಗೆ ಅಲೆಯೋದೇ ಮೊದಲ ಶಿಕ್ಷೆ. ದೊಡ್ಡ ಸಂಸ್ಥೆಗಳಿಗೆ ವಕೀಲರ ಪಡೆ ಇರುತ್ತೆ. ಒಬ್ಬರೇ ನಡೆಸೋ ಪತ್ರಿಕೆಯಲ್ಲಿ ಬರೆದವರೇ ಹೋಗಿ ಕೈಕಟ್ಟಿ ನಿಲ್ಲಬೇಕು.

ಇಷ್ಟರ ನಡುವೆ ಸಾಹಿತ್ಯ ಬಿಡಲಿಲ್ಲ. 'ಕಲ್ಲು ಕರಗುವ ಸಮಯ' ಕಥಾ ಸಂಕಲನಕ್ಕೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಹುಳಿಮಾವಿನ ಮರ' ಅಂತ ಆತ್ಮಕಥೆ ಬರೆದರು. 2000ನೇ ಇಸವಿ ಜನವರಿ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ವಯಸ್ಸು 64. ಪತ್ರಿಕೆ ಶುರುಮಾಡಿ ಇಪ್ಪತ್ತು ವರ್ಷ ತುಂಬೋಕೆ ಕೆಲವೇ ತಿಂಗಳು ಬಾಕಿ ಇತ್ತು.

ಮಗಳು ಗೌರಿ ಲಂಕೇಶ್ ಸಂಪಾದಕರ ಕುರ್ಚಿಗೆ ಬಂದರು. 2005ರಲ್ಲಿ ಬೇರೆಯಾಗಿ ತಮ್ಮ ಹೆಸರಲ್ಲೇ ಪತ್ರಿಕೆ ಮಾಡಿದರು. ಅದರಲ್ಲೂ ಜಾಹೀರಾತು ಇರಲಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಚಿಕ್ಕ ಹಾಳೆ ಅಂತ ಯಾರೂ ಹಗುರವಾಗಿ ತಗೊಂಡಿರಲಿಲ್ಲ ಅನ್ನೋದು ಅವತ್ತು ಗೊತ್ತಾಯ್ತು.

ನಮ್ಮ ತಾಲ್ಲೂಕಿನ ಲೆಕ್ಕ

ಲಂಕೇಶರ ನಂತರ ಆ ಅಳತೆಯ ಪತ್ರಿಕೆಗಳು ಬಹಳ ಬಂದವು. ಒಳ್ಳೆಯವೂ ಬಂದವು. ಜೊತೆಗೆ, ಅಚ್ಚಾಗದ ಸುದ್ದಿಯಿಂದ ದುಡ್ಡು ಮಾಡೋರೂ ಬಂದರು. ನಮ್ಮ ಕಡೆ ಅಂಗಡಿಯವರಿಗೆ ಈ ಅನುಭವ ಇದೆ. ಕೈಯಲ್ಲಿ ಒಂದು ಪತ್ರಿಕೆ, ಜೇಬಲ್ಲಿ ಒಂದು ಕಾರ್ಡು, ನಿಮ್ಮ ಮೇಲೆ ಒಂದು ದೂರು ಬಂದಿದೆ ಅಂತ ಶುರು ಮಾಡ್ತಾರೆ. ದುಡ್ಡು ಕೊಟ್ಟರೆ ಸುದ್ದಿ ಮಾಯ. ನೋಡೋಕೆ ಲಂಕೇಶರ ಪತ್ರಿಕೆಯ ಅಳತೆಯೇ, ವ್ಯವಹಾರ ಮಾತ್ರ ತದ್ವಿರುದ್ಧ. ಅವರು ದುಡ್ಡು ತಗೊಳ್ಳದೆ ಬರೆದರು, ಇವರು ದುಡ್ಡು ತಗೊಂಡು ಬರೆಯದೆ ಇರ್ತಾರೆ.

ಅವರನ್ನ ಬೈಯೋದು ಸುಲಭ. ನನ್ನ ಕಥೆಯನ್ನೂ ಹೇಳಿಬಿಡ್ತೀನಿ. ಈ ವೆಬ್‌ಸೈಟಿಗೆ ಹಾಳೆಯೇ ಇಲ್ಲ, ಆದರೂ ದುಡ್ಡು ಬೇಕು. ಹಬ್ಬ ಬಂದರೆ ನಾನೇ ಅಂಗಡಿ ಅಂಗಡಿಗೆ ಹೋಗಿ ಶುಭಾಶಯದ ಜಾಹೀರಾತು ಕೇಳ್ತೀನಿ. ಕೊಡೋರು ಪ್ರೀತಿಯಿಂದಲೇ ಕೊಡ್ತಾರೆ. ಹೋದ ದೀಪಾವಳಿ ಆದ ಸ್ವಲ್ಪ ದಿನಕ್ಕೆ ಒಬ್ಬ ರೈತರು ಸಿಕ್ಕಿದರು. ಕೊಬ್ಬರಿ ಮಾರಿದ ಕಡೆ ಒಂದು ತೂಕ ಬಂತು, ಮನೇಲಿ ತೂಗಿದ್ದು ಬೇರೆ, ಆ ತಕ್ಕಡಿಗೆ ಈ ವರ್ಷದ ಮುದ್ರೆ ಇದೆಯಾ ನೋಡಿ ಬರೀರಿ ಅಂತ ಕೇಳಿಕೊಂಡರು. ಅಂಗಡಿಯ ಹೆಸರು ಕೇಳಿದ ಕೂಡಲೇ ನನಗೆ ನೆನಪಾದದ್ದು ಅವರ ದೀಪಾವಳಿ ಜಾಹೀರಾತು. ನಾಳೆ ಬರ್ತೀನಿ ಅಂದೆ, ಹೋಗಲಿಲ್ಲ. ಯಾರೂ ನನಗೆ ಬರೀಬೇಡ ಅನ್ನಲಿಲ್ಲ. ಅಂಗಡಿಯವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ನಾನಾಗಿಯೇ ಸುಮ್ಮನಾದೆ.

ಮೇಷ್ಟ್ರ ಬದುಕು ಓದುವಾಗ ಈ ವಿಷಯ ಮತ್ತೆ ಮತ್ತೆ ಚುಚ್ಚಿತು. ಪತ್ರಿಕೆಯ ಬಾಯಿ ಮುಚ್ಚಿಸೋಕೆ ಮುಖ್ಯಮಂತ್ರಿಯೇ ಬೇಕಾಗಿಲ್ಲ, ಒಂದು ಸಣ್ಣ ಜಾಹೀರಾತು ಸಾಕು. ಹಾಳೆ ದೊಡ್ಡದೋ ಚಿಕ್ಕದೋ ಅಂತ ನೋಡೋಕಿಂತ ಈ ಹಾಳೆಯ ಖರ್ಚು ಯಾರದ್ದು, ಅವರ ವಿರುದ್ಧ ಒಂದು ಸುದ್ದಿಯಾದರೂ ಇದರಲ್ಲಿ ಬಂದಿದೆಯಾ ಅಂತ ನೋಡಬೇಕು.

ಲಂಕೇಶರ ಹಾಗೆ ಜಾಹೀರಾತೇ ಬೇಡ ಅನ್ನೋ ಶಕ್ತಿ ನಮಗಿಲ್ಲ. ಅಂಗಡಿಯವರ ಸಹಾಯ ಇಲ್ಲದೆ ಈ ಪುಟ ಒಂದು ತಿಂಗಳೂ ನಡೆಯಲ್ಲ, ಅದು ನಿಜ. ಆದರೆ ಜಾಹೀರಾತಿನ ರಸೀದಿ ಬೇರೆ, ಸುದ್ದಿ ಬೇರೆ ಅಂತ ಇಟ್ಟುಕೊಳ್ಳೋದು ನಮ್ಮ ಕೈಲಿದೆ. ಆ ರೈತರಿಗೆ ನಿನ್ನೆ ಫೋನ್ ಮಾಡಿದ್ದೀನಿ. ಈ ವಾರ ಹೋಗಿ ತಕ್ಕಡಿ ನೋಡಿ, ಅಂಗಡಿಯವರ ಮಾತನ್ನೂ ಕೇಳಿ ಬರೀತೀನಿ. ಮುದ್ರೆ ಸರಿಯಿದ್ದರೆ ಸರಿಯಿದೆ ಅಂತಲೇ ಬರೀತೀನಿ. ಮುಂದಿನ ಹಬ್ಬಕ್ಕೆ ಆ ಅಂಗಡಿಯಿಂದ ಜಾಹೀರಾತು ಬರದೇ ಇರಬಹುದು. ಆ ಜಾಗ ಖಾಲಿ ಕಂಡರೆ ಯಾಕೆ ಅಂತ ನಿಮಗೆ ಗೊತ್ತಿರಲಿ.